ನಮ್ಮೂರ ತಂಡ ಇಲ್ಲಿಗೆ ಬಂದಿತ್ತು

ನಾಕ್‌ಬ್ರಾಕ್, ಸೋಮವಾರ

ಅಮ್ಮಾ,

ನಿನ್ನೆ ನಮ್ಮೂರ ಹರ್ಲಿಂಗ್ ತಂಡ ಇಲ್ಲಿಗೆ ಆಡೋಕೆ ಬಂದಿತ್ತು. ಮದುವೆಯಾಗಿ ಬಂದಮೇಲೆ ನಮ್ಮವರ ಮುಖ ಕಂಡಿದ್ದು ಇದೇ ಮೊದಲು. ನಾನು ಅತ್ತೆಯ ಪಕ್ಕ, ಈ ಊರಿನ ಹೆಂಗಸರ ನಡುವೆ ನಿಂತಿದ್ದೆ. ನಮ್ಮ ಯಜಮಾನರು ಫಿಂಟನ್ ಈ ಊರಿನ ಕಡೆ ಗೋಲು ಕಾಯುತ್ತಿದ್ದರು. ಕೊನೇ ಗಳಿಗೆಯಲ್ಲಿ ನಮ್ಮ ತೈಗ್ ಚೆಂಡನ್ನು ಕೋಲಿನ ತುದಿಯಲ್ಲಿಟ್ಟುಕೊಂಡು ಓಡಿ ಬಂದ ನೋಡು, ನನಗೆ ಮೈಮೇಲೆ ಎಚ್ಚರವೇ ಇರಲಿಲ್ಲ. "ಹೊಡಿಯೋ ತಮ್ಮಾ, ಹೊಡಿ!" ಅಂತ ಕಿರುಚಿಬಿಟ್ಟೆ. ಹೊಡೆದ. ಗೋಲಾಯಿತು, ಈ ಊರಿನವರು ಸೋತರು. ಸುತ್ತ ಇದ್ದವರೆಲ್ಲ ನನ್ನ ಕಡೆ ತಿರುಗಿದರು.

"ಉಣ್ಣೋದು ನಮ್ಮೂರಲ್ಲಿ, ಕೂಗೋದು ಅವರಿಗೆ!" ಅಂದಳು ಅಂಗಡಿಯ ಟೂಮಿಯ ಹೆಂಡತಿ. ಅತ್ತೆ ಮೈದಾನದ ಕಡೆಗೇ ನೋಡುತ್ತಿದ್ದರು.

ಆಟ ಮುಗಿದದ್ದೇ ಬಸ್ಸಿನ ಹತ್ತಿರ ಓಡಿದೆ. ತೈಗ್ ಗೆಳೆಯರ ಎದುರಿಗೆ, ನೆಂಟರ ಕೈ ಕುಲುಕೋ ಹಾಗೆ ನನ್ನ ಕೈ ಕುಲುಕಿದ. "ನಿಮ್ಮವರೂ ಚೆನ್ನಾಗಿ ಆಡಿದರು ಅಕ್ಕ" ಅಂದ. ನಿಮ್ಮವರಂತೆ! ಅಷ್ಟರಲ್ಲಿ ಬಸ್ಸು ಹೊರಟಿತು. ನಿನ್ನ ಮಂಡಿನೋವು ಹೇಗಿದೆ ಅಂತ ಕೇಳೋದಕ್ಕೂ ಆಗಲಿಲ್ಲ.

ಮನೆಗೆ ಬಂದಮೇಲೆ ಅತ್ತೆ ಚಹಾ ಬಗ್ಗಿಸಿ ನನ್ನ ಮುಂದಿಟ್ಟು, "ನಿನ್ನ ತಮ್ಮನ ಹೊಡೆತ ಚೆನ್ನಾಗಿತ್ತು ಕಣೇ" ಅಂದರು. ಅಲ್ಲೀತನಕ ತಡೆದಿದ್ದ ಅಳು ಆಗ ಬಂತು.

ನನ್ನ ಕೆಮ್ಮು ವಾಸಿಯಾಗಿದೆ. ನನ್ನ ಉಣ್ಣೆ ಕಾಲುಚೀಲ ಕಳಿಸು, ಇಲ್ಲಿ ನೆಲ ಬಹಳ ತಣ್ಣಗೆ. ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ತೈಗ್‌ಗೆ ಬಯ್ಯಬೇಡ. ಆದರೆ ನೀನೊಮ್ಮೆ ಬಂದು ಹೋಗಮ್ಮ.

ನಿನ್ನ ಗೋಬ್ನಿಟ್