ಅಮ್ಮನ ಕಣ್ಣಿಗೊಂದು ಡ್ರೈವರ್

ಶ್ರೀರಾಂಪುರ, ಮೈಸೂರು

ಪ್ರೀತಿಯ ವಾಗೀಶ,

ಕ್ಯಾಮೆರಾ ಕೊನೆಗೂ ಎದ್ದಿತು. ಹೋದ ಭಾನುವಾರ ಬೆಳಿಗ್ಗೆ, ಅಮ್ಮನ ಮುಖ ಒರೆಸಿ ಬಂದು ಕೂತಿದ್ದೆ. ಅದರ ಕೆಂಪು ದೀಪಗಳು ಹತ್ತಿಕೊಂಡವು, ಆರಲಿಲ್ಲ. ನೀನು ಹೇಳಲಾಗದ್ದನ್ನು ನಾನೇ ಹುಡುಕಿಕೊಂಡಿದ್ದೆ. ಯಾರಿಗಾದರೂ ಹೇಳಬೇಕು ಅನ್ನಿಸಿದಾಗ ನಿನ್ನ ಹೆಸರು ಬಿಟ್ಟು ಬೇರೆ ಹೆಸರು ನೆನಪಾಗಲಿಲ್ಲ.

ಬಸ್ ನಿಲ್ದಾಣದ ಮೈಕಿನಲ್ಲಿ ನಂಜನಗೂಡು, ಗುಂಡ್ಲುಪೇಟೆ ಎಂದು ವರ್ಷಗಟ್ಟಲೆ ಕೂಗಿದ ನಮ್ಮಮ್ಮ ಸೋಮಮ್ಮನ ಗಂಟಲನ್ನೇ ಆ ನರದ ಕಾಯಿಲೆ ಮೊದಲು ಹಿಡಿಯಿತು. ಆಮೇಲೆ ಕೈ, ಆಮೇಲೆ ಕಾಲು. ಕಣ್ಣು ಮಾತ್ರ ಉಳಿದಿದ್ದಾಗ ಆ ಕ್ಯಾಮೆರಾ ತಂದೆವು. ತೆರೆಯ ಮೇಲಿನ ಯಾವ ಅಕ್ಷರವನ್ನು ಅಮ್ಮ ನೋಡುತ್ತಾಳೋ ಅದನ್ನು ಅದು ಹಿಡಿಯುತ್ತಿತ್ತು, ಲ್ಯಾಪ್‌ಟಾಪ್ ಗಟ್ಟಿಯಾಗಿ ಓದುತ್ತಿತ್ತು. ಎಲ್ಲ ಜೋಡಿಸಿಕೊಟ್ಟ ದಿನ ನೀನು ಅಮ್ಮನ ಹತ್ತಿರ ಕೂತು ವಿವರಿಸಿದೆ. "ಕಂಪ್ಯೂಟರ್ ಒಳಗೆ ಕರ್ನೆಲ್ ಅಂತ ಒಬ್ಬ ಯಜಮಾನ ಇರ್ತಾನೆ ಅಮ್ಮ. ಅವನಿಗೆ ಈ ಕ್ಯಾಮೆರಾ ಭಾಷೆ ಬರಲ್ಲ. ನಡುವೆ ನಿಂತು ತಿಳಿಸೋನೇ ಡ್ರೈವರ್." ಅಮ್ಮ ಒಂದೊಂದೇ ಅಕ್ಷರ ನೋಡಿ ಉತ್ತರ ಕೊಟ್ಟಳು: "ಡ್ರೈವರ್ ಇಲ್ದೆ ಬಸ್ ಹೊರಡಲ್ಲ ಅನ್ನೋದು ನಂಗೂ ಗೊತ್ತು ಕಣಪ್ಪ." ಮೂವರೂ ನಕ್ಕೆವು. ಅಮ್ಮ ಕಣ್ಣಲ್ಲೇ ನಕ್ಕಳು.

ಆ ಡ್ರೈವರ್ ಕ್ಯಾಮೆರಾ ಮಾಡಿದ ಕಂಪನಿಯದು. ಒಳಗೇನಿದೆ ಎಂದು ಯಾರಿಗೂ ತೋರಿಸುತ್ತಿರಲಿಲ್ಲ. ಒಂದೇ ಕರ್ನೆಲ್ಲಿಗೆ, ಒಂದೇ ಲ್ಯಾಪ್‌ಟಾಪಿಗೆ ಕಟ್ಟಿಹಾಕಿ ಕೊಟ್ಟಿದ್ದರು. ಲ್ಯಾಪ್‌ಟಾಪ್ ಸುಟ್ಟುಹೋದ ದಿನ ಅಮ್ಮನ ಮಾತೂ ನಿಂತಿತು. ಹೊಸದರಲ್ಲಿ ಅದು ಓಡಲೇ ಇಲ್ಲ. ಆ ಮಾದರಿಯನ್ನೇ ನಿಲ್ಲಿಸಿದ್ದೇವೆ ಎಂದು ಬರೆದು ಕಂಪನಿಯವರು ಕೈತೊಳೆದುಕೊಂಡರು. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ. ಅಮ್ಮನ ಕಣ್ಣಿಗೂ ಆಗ ಏನೂ ಆಗಿರಲಿಲ್ಲ.

ನಾವೇ ಬರೆಯೋಣ, ಎಲ್ಲರಿಗೂ ತೆರೆದಿಡೋಣ ಎಂದವನು ನೀನು. ಹಳೆಯ ಲ್ಯಾಪ್‌ಟಾಪ್ ಸರಿಯಿದ್ದಾಗ ಕ್ಯಾಮೆರಾದ ಜೊತೆ ಅದು ಆಡುತ್ತಿದ್ದ ಸಂಕೇತಗಳನ್ನು ನಾನು ಕುತೂಹಲಕ್ಕೆಂದು ಒಂದಿಷ್ಟು ಹಿಡಿದಿಟ್ಟಿದ್ದೆ. ಅದೊಂದೇ ನಮ್ಮ ಆಧಾರ. ಸಂಜೆ ನೀನು ದಟ್ಟಗಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ, ಅಮ್ಮನ ಮಂಚದ ಪಕ್ಕದಲ್ಲೇ ಕೂತು ಬರೆಯುತ್ತಿದ್ದೆವು. ಕ್ಯಾಮೆರಾ ಏಳುತ್ತಿತ್ತು, ಪ್ರತಿ ಸಲವೂ ಹೊಸದೊಂದು ಸಂಖ್ಯೆ ಮುಂದಿಟ್ಟು ಉತ್ತರ ಕೇಳುತ್ತಿತ್ತು, ಸರಿಯುತ್ತರ ಸಿಗದೆ ಆರಿಹೋಗುತ್ತಿತ್ತು. ಆ ಉತ್ತರ ಕಟ್ಟುವ ಲೆಕ್ಕ ಕಂಪನಿಯ ಹತ್ತಿರ ಮಾತ್ರ ಇತ್ತು.

ಆಗ ಅದೇ ಕಂಪನಿಯಲ್ಲಿ ನಿನಗೆ ಕೆಲಸ ಸಿಕ್ಕಿತು. "ಒಳಗೋದ್ರೆ ಆ ಲೆಕ್ಕ ಕೇಳಿ ಬಿಡಿಸ್ಕೊಂಡ್ ಬರ್ಬೋದು ಕಣೇ" ಎಂದೆ. ನಾನು ನಂಬಿದೆ. ನೀನೂ ನಂಬಿದ್ದೆ, ಅದು ನನಗೆ ಗೊತ್ತು.

ರಿಂಗ್ ರಸ್ತೆಯ ಟೀ ಅಂಗಡಿಯಲ್ಲಿ ನೀನು ಹೇಳಿದ್ದು ನೆನಪಿದೆ. "ಕೊಡಲ್ಲ ಅಂದ್ಬುಟ್ರು. ಅದ್ರೊಳಗೆ ಬೇರೆ ಕಂಪನಿಯವರ ಗುಟ್ಟೂ ಇದ್ಯಂತೆ."

"ನಿನಗೆ ಆ ಲೆಕ್ಕ ಸಿಕ್ತಾ?" ಎಂದು ಕೇಳಿದೆ.

"ಸಿಕ್ತು" ಎಂದೆ ನೀನು. "ಹೇಳಕ್ಕಾಗಲ್ಲ ನಯನಾ, ಗುಟ್ಟು ಹೊರಗೆ ಬಿಡಲ್ಲ ಅಂತ ಸೈನ್ ಹಾಕ್ಬುಟ್ಟಿದೀನಿ. ನಾನು ಹೇಳಿದ್ರೆ ನಿನ್ನ ಕೋಡೂ ಕದ್ದಿದ್ದಾಗುತ್ತೆ. ಕರ್ನೆಲ್ ಬರೆಯೋರು ಯಾರೂ ಅದನ್ನ ಮುಟ್ಟಲ್ಲ."

"ನಂಗೆ ಕರ್ನೆಲ್‌ನವರು ಯಾಕೋ? ಅಮ್ಮ ಮಾತಾಡಿದ್ರೆ ಸಾಕು."

ನೀನು ಅತ್ತುಬಿಟ್ಟೆ. ಅದಾದ ಮೇಲೆ ನಮ್ಮ ಮನೆಗೆ ಬರಲಿಲ್ಲ.

ನಾನು ಅಕ್ಷರಗಳ ಹಲಗೆ ಮಾಡಿಕೊಂಡೆ. ನಾನು ಒಂದೊಂದಾಗಿ ಬೆರಳಿಡುವುದು, ಬೇಕಾದದ್ದು ಬಂದಾಗ ಅಮ್ಮ ರೆಪ್ಪೆ ಬಡಿಯುವುದು. ನೀನು ಯಾಕೆ ಬರುತ್ತಿಲ್ಲ ಎಂದು ಕೇಳಿದಳು. ಎಲ್ಲ ಹೇಳಿದೆ. "ಅವನ ಮೇಲೆ ಕೋಪನಾಮ್ಮ?" ಎಂದು ಹಲಗೆ ಹಿಡಿದೆ. "ಅವನ ಕೆಲಸ" ಎನ್ನುವಷ್ಟಕ್ಕೆ ಸುಸ್ತಾಗಿ ಕಣ್ಣು ಮುಚ್ಚಿದಳು. ಅವನ ಕೆಲಸ ಹೋಗಬಾರದು ಎಂದೋ, ಅವನ ಕೆಲಸವೇ ಹಾಳಾಗಲಿ ಎಂದೋ. ಮರುದಿನ ಕೇಳಿದರೆ ರೆಪ್ಪೆ ಅಲುಗಲಿಲ್ಲ. ಆಮೇಲಾಮೇಲೆ ಹಲಗೆಯೂ ನಡೆಯಲಿಲ್ಲ.

ಆದರೂ ಹಿಡಿದಿಟ್ಟ ಸಂಕೇತಗಳನ್ನು ತಾಳೆ ನೋಡಿ ಆ ಲೆಕ್ಕ ಹುಡುಕುತ್ತ ಬರೆಯುತ್ತಲೇ ಹೋದೆ, ಯಾಕೆಂದು ಗೊತ್ತಿಲ್ಲ. ಭಾನುವಾರ ಅದು ಎದ್ದಾಗ ಮೊದಲು ನನ್ನ ಕಣ್ಣಿಂದ ಪರೀಕ್ಷೆ ಮಾಡಿದೆ. ನೋಡಿದ ಅಕ್ಷರವೆಲ್ಲ ಬಂತು. ಅಮ್ಮನ ದಿಂಬು ಎತ್ತರಿಸಿ ತೆರೆಯನ್ನು ಮುಂದಿಟ್ಟೆ. ಅವಳ ನೋಟ ಎಲ್ಲಿದೆಯೆಂದು ತೋರಿಸುವ ಗುರುತು ಒಮ್ಮೆ ನಡುಗಿ, ಜಾರಿ, ಕೆಳಗಿನ ಮೂಲೆಗೆ ಹೋಗಿ ನಿಂತಿತು. ಮಧ್ಯಾಹ್ನದವರೆಗೂ ಕಾದೆ. ಕಣ್ಣಿನ ಸ್ನಾಯುಗಳೂ ಹೋಗಿವೆ ಎಂದರು ಡಾಕ್ಟರು. ಇನ್ನು ಯಾವ ಕ್ಯಾಮೆರಾದಿಂದಲೂ ಪ್ರಯೋಜನವಿಲ್ಲವಂತೆ.

ಕೋಡನ್ನು ಎಲ್ಲರಿಗೂ ತೆರೆದಿಟ್ಟೆ. ನಿನಗೆ ತೊಂದರೆಯಾದೀತೆಂದು ನಿನ್ನ ಹೆಸರು ತೆಗೆದೆ, ಕ್ಷಮಿಸು. ಯಾರೋ ಒಬ್ಬರು ಉತ್ತರ ಬರೆದಿದ್ದಾರೆ. ಅವರ ಹೆಂಡತಿಗೂ ಇದೇ ಕಾಯಿಲೆ. ಅವರ ಹತ್ತಿರ ಇರುವುದು ಹೊಸ ಮಾದರಿ. ಕಂಪನಿಯ ಮುದ್ರೆಯಿಲ್ಲದ ಯಾವ ಡ್ರೈವರನ್ನೂ ಅದು ಒಳಗೆ ಬಿಡುವುದಿಲ್ಲವಂತೆ. ಹೊಸ ಮಾದರಿ ನಿನ್ನ ತಂಡದ್ದೇ ಅಲ್ಲವೇ. ಆ ಬಾಗಿಲು ಯಾರು ಕಟ್ಟಿದರೆಂದು ನಾನು ಕೇಳುವುದಿಲ್ಲ. ಅವರಿಗೆ ಏನು ಬರೆಯಲಿ, ಅದನ್ನಾದರೂ ಹೇಳು.

ಈ ಕಡೆ ಬಂದರೆ ಅಮ್ಮನ ಪಕ್ಕ ಕೂತು ಹೋಗು. ಕಿವಿ ಕೇಳಿಸುತ್ತದಂತೆ. ಬಂದವನು ನೀನೆಂದು ಅವಳಿಗೆ ತಿಳಿದರೂ ಅದನ್ನು ಅವಳು ಹೇಳಲಾರಳು, ತಿಳಿಯಿತೆಂದು ನಾನೂ ಹೇಳಲಾರೆ.

ನಿನ್ನ ಮನೆಯವರೆಲ್ಲ ಬಾಯ್ತುಂಬ ಮಾತಾಡಿಕೊಂಡಿರಲಿ.

ನಯನಾ