ಬಂಡೆಯ ಮೇಲೆ ಅಳೆದ ಊರು

ಹಂಚಿನಗಡ್ಡೆ, ಕೃಷ್ಣಾ ಹೊಳೆಯ ನಡುವೆ
ಫೆಬ್ರವರಿ 30, 2171

ಹುಲಿಗೆವ್ವಜ್ಜಿಗೆ, ನಿಮ್ಮ ಆರನೇ ತಲೆಮಾರಿನ ಮೊಮ್ಮಗಳು ತಾಯವ್ವ ಮಾಡುವ ನಮಸ್ಕಾರಗಳು.

ಮೊದಲು ನನ್ನ ಅಕ್ಷರವನ್ನು ಕ್ಷಮಿಸಿ. ನಾನು ಓದಿದ್ದು ಐದನೇ ತರಗತಿಯವರೆಗೆ ಮಾತ್ರ. ಬರೆಯುತ್ತಾ ಹೋದಂತೆ ಸಾಲು ಮೇಲಕ್ಕೆ ಏರುತ್ತದೆ, ಒತ್ತಕ್ಷರಗಳು ಕೆಲವು ಕಡೆ ತಪ್ಪಿರಬಹುದು. ತಾರೀಕನ್ನು ಮಾತ್ರ ತಪ್ಪು ಬರೆದಿಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಅದನ್ನು ಯಾರು ಸೇರಿಸಿದರು, ಏಕೆ ಸೇರಿಸಿದರು ಎಂಬುದು ಆರನೇ ತರಗತಿಯ ಪಾಠದಲ್ಲಿ ಬರುತ್ತದಂತೆ.

ನಿಮ್ಮನ್ನು ಅಜ್ಜಿ ಎನ್ನಲು ಸ್ವಲ್ಪ ಸಂಕೋಚವಾಗುತ್ತದೆ. ಕಚೇರಿಯ ಹಳೆಯ ದಾಖಲೆಯಲ್ಲಿ ನಿಮ್ಮ ವಯಸ್ಸು ಹತ್ತೊಂಬತ್ತು ಎಂದಿದೆ. ನನಗೆ ಇಪ್ಪತ್ತೊಂದು. ಆದರೂ ಬೇರೆ ಹೇಗೆ ಕರೆಯಲಿ?

ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಾಣುತ್ತವೆ, ಅದಕ್ಕೂ ಕ್ಷಮೆ ಇರಲಿ. ಎಳೆ ಎಂದರೆ ನಿಮ್ಮ ಕಾಲದವರು ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದದ್ದು. ಯಾವ ಊರಿಗೆ ಎಳೆ ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂದು ಸರ್ಕಾರ ಬರೆದಿಟ್ಟುಕೊಂಡಿರುವ ಪುಸ್ತಕವನ್ನು ನಾವು ಇದೆ-ಪಟ್ಟಿ ಎನ್ನುತ್ತೇವೆ. ಹಿಂದೋಲೆ ಎಂದರೆ ಈಗ ನಿಮ್ಮ ಕೈಯಲ್ಲಿರುವ ಇದೇ ಕಾಗದ, ಆಗಿಹೋದವರಿಗೆ ಕಳಿಸುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಬರೆಯಲು ಅವಕಾಶ, ಅದೂ ಕೈಬರಹದಲ್ಲೇ ಆಗಬೇಕು. ತಲುಪಿತೋ ಇಲ್ಲವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಆದರೆ ರಸೀದಿ ಕೊಡುತ್ತಾರೆ.

ನಮ್ಮ ಗಡ್ಡೆಯಲ್ಲಿ ಎಳೆ ಇಲ್ಲ ಅಜ್ಜಿ. ಎಂದೂ ಇರಲಿಲ್ಲ. ಇದೆ-ಪಟ್ಟಿಯಲ್ಲಿ ಮಾತ್ರ ನಿಮ್ಮ ಕಾಲದಿಂದಲೂ ಇದೆ. ಊರಿನಲ್ಲಿ ಮೂವತ್ತೆಂಟು ಮನೆ, ಮೂವತ್ತೆಂಟಕ್ಕೂ ಇದೆ. ಹೊಳೆ ಬಂದು ಬಿದ್ದುಹೋದ ಎರಡು ಮನೆಗೂ ಇದೆ. ನಮ್ಮ ಎಮ್ಮೆ ಕಟ್ಟುವ ಕೊಟ್ಟಿಗೆಗೂ ಇದೆ, ಏಕೆಂದರೆ ಅದಕ್ಕೂ ಒಂದು ಮನೆ ನಂಬರು ಬಿದ್ದಿದೆ. ಈ ಒಂದು ಪದದಿಂದ ನಾವು ಪಡುವ ಪಾಡು ಹೇಳಿದರೆ ನೀವು ನಗುತ್ತೀರಿ. ದಡದ ಆಸ್ಪತ್ರೆಯಿಂದ ಅವ್ವನ ಸಕ್ಕರೆ ಕಾಯಿಲೆಯ ಗುಳಿಗೆ ಹಾರುಪೆಟ್ಟಿಗೆಯಲ್ಲಿ ಬರುತ್ತದೆ. ಅದು ಹದ್ದಿನಷ್ಟು ದೊಡ್ಡ ಪೆಟ್ಟಿಗೆ, ತಾನೇ ಹಾರುತ್ತದೆ, ಮನೆಯ ಎಳೆಯನ್ನು ಗುರುತು ಹಿಡಿದು ಅಂಗಳದಲ್ಲಿ ಇಳಿಯುತ್ತದೆ. ನಮ್ಮ ಊರಿಗೆ ಬಂದರೆ ಮಾತ್ರ ಸೂರಿನ ಮೇಲೆ ಸುತ್ತು ಹಾಕುತ್ತಲೇ ಇರುತ್ತದೆ. ಅವ್ವ ಅಂಗಳದಲ್ಲಿ ನಿಂತು ಸೆರಗು ಬೀಸಿ ಬೀಸಿ, "ಏ ಇಲ್ಲಿ ಅದೀನ್ ಬಾರೋ, ನಿನ್ನ ಕಣ್ಣು ಇಂಗಿ ಹೋಗ್ಯಾವೇನು?" ಎಂದು ಕೂಗುತ್ತಾಳೆ. ಪೆಟ್ಟಿಗೆ ಇನ್ನೆರಡು ಸುತ್ತು ಹಾಕಿ, ಗುಳಿಗೆಯನ್ನು ಹೊತ್ತುಕೊಂಡು ವಾಪಸ್ಸು ಹೋಗಿ, ಮನೆಯಲ್ಲಿ ಯಾರೂ ಇರಲಿಲ್ಲ ಎಂದು ವರದಿ ಮಾಡುತ್ತದೆ. ಆಮೇಲೆ ಯಂಕೋಬ ಕಾಕಾ ಹರಗೋಲು ಹಾಕಿಕೊಂಡು ಹೋಗಿ ತರುತ್ತಾನೆ. ಕಾಕಾ ನನ್ನ ಅಪ್ಪನ ತಮ್ಮ, ಊರಿನ ಹಿರಿಯ, ಹೊಳೆ ದಾಟಿಸುವ ಕೆಲಸವೂ ಅವನದೇ.

ಗುಳಿಗೆ ಹೀಗಾದರೂ ಬರುತ್ತದೆ. ಪಾಠ ಬರುವುದಿಲ್ಲ. ನಾನು ನಿಮಗೆ ಬರೆಯುತ್ತಿರುವುದು ಅದಕ್ಕೆ.

ಐದನೇ ತರಗತಿಯವರೆಗೆ ಕಲಿಸಲು ಗುರುಗಳು ಹೊಳೆ ದಾಟಿ ಬರುತ್ತಾರೆ. ಆರರಿಂದ ಪಾಠವೆಲ್ಲ ಎಳೆಯಲ್ಲಿ. ಮಗು ಯಾವ ಮನೆಯದೋ ಆ ಮನೆಯ ಎಳೆಯಲ್ಲಿ ಮಾತ್ರ ಪಾಠ ತೆರೆಯುತ್ತದೆ, ನೆಂಟರ ಮನೆಗೆ ಹೋಗಿ ಕುಳಿತರೆ ತೆರೆಯುವುದಿಲ್ಲ. ಎಳೆ ಇಲ್ಲದ ಊರಿನ ಮಕ್ಕಳಿಗೆಂದು ದಡದಲ್ಲಿ ವಸತಿಶಾಲೆ ಇದೆ, ಊಟ ಹಾಸಿಗೆ ಎಲ್ಲ ಕೊಟ್ಟು ಓದಿಸುತ್ತಾರೆ. ಅಲ್ಲಿಗೆ ನಮ್ಮನ್ನು ಸೇರಿಸಿಕೊಳ್ಳುವುದಿಲ್ಲ. ನಮ್ಮದು ಎಳೆ ಇರುವ ಊರು. ಹೀಗೆ ನನ್ನ ಓದು ಹತ್ತು ವರ್ಷದ ಹಿಂದೆ ನಿಂತಿತು. ಈಗ ನನ್ನ ತಂಗಿ ರೇಣವ್ವ ಐದರಲ್ಲಿದ್ದಾಳೆ. ಏಪ್ರಿಲ್ ಹತ್ತಕ್ಕೆ ಅವಳ ಪರೀಕ್ಷೆ ಮುಗಿಯುತ್ತದೆ. ಅವಳು ನನ್ನ ಹಾಗಲ್ಲ, ಬಾಯಿಯೂ ಜೋರು, ತಲೆಯೂ ಜೋರು. ಗುರುಗಳು ಕೊಟ್ಟ ಲೆಕ್ಕ ಮುಗಿಸಿ ಇನ್ನೂ ಕೊಡಿ ಎಂದು ಕಾಡುತ್ತಾಳೆ. ಮೊನ್ನೆ ಒಂದು ಲೆಕ್ಕ ಕೇಳಲು ಬಂದಳು. ನನಗೆ ಬರಲಿಲ್ಲ. "ಅಕ್ಕಾ, ನಿಂದು ಇಲ್ಲಿಗೇ ಮುಗೀತೇನು?" ಎಂದಳು. ಹಂಗಿಸಲಿಕ್ಕೆ ಅಂದದ್ದಲ್ಲ, ನಿಜವಾಗಿಯೂ ಕೇಳಿದಳು. ನಾನು ರೊಟ್ಟಿ ಬಡಿಯುವ ನೆಪ ಮಾಡಿ ಒಳಗೆ ಹೋದೆ.

ನಾವು ಸುಮ್ಮನೆ ಕುಳಿತಿಲ್ಲ. ಮೂರು ವರ್ಷದಲ್ಲಿ ಆರು ಅರ್ಜಿ ಕೊಟ್ಟಿದ್ದೇವೆ. ಎಳೆ ಇಲ್ಲ ಎಂಬ ದೂರನ್ನು ಎಳೆಯಲ್ಲೇ ಕೊಡಬೇಕು ಎಂದು ನಿಯಮ. ಸರಿ, ದಡಕ್ಕೆ ಹೋಗಿ ಬೇರೆಯವರ ಮನೆಯಿಂದ ಕೊಟ್ಟೆವು. "ತಮ್ಮ ದೂರು ಎಳೆಯ ಮೂಲಕ ಸ್ವೀಕೃತವಾಗಿದೆ, ಆದ್ದರಿಂದ ತಮ್ಮಲ್ಲಿ ಎಳೆ ಇರುವುದು ದೃಢಪಟ್ಟಿದೆ" ಎಂದು ಉತ್ತರ ಬಂತು. ಆ ಕಾಗದವನ್ನು ನಾನು ನಾಲ್ಕು ಸಲ ಓದಿದೆ. ನನ್ನ ಓದೇ ಕಡಿಮೆ, ಅರ್ಥ ತಪ್ಪಾಗಿ ತಿಳಿದುಕೊಂಡಿರಬೇಕು ಎಂದುಕೊಂಡೆ. ಗುರುಗಳಿಗೆ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಓದಿ, "ನೀ ತಿಳಕೊಂಡಿದ್ದು ಬರೋಬ್ಬರಿ ಐತವಾ" ಎಂದರು.

ಆಮೇಲೆ ಕಾಕಾ ಮತ್ತು ನಾನು ಕಚೇರಿಗೇ ಹೋದೆವು. ಕಿಟಕಿಯಲ್ಲಿದ್ದವರು ಹಳೆಯ ದಾಖಲೆ ತೆಗೆದು, ಮೊದಲು ಬರೆಸಿದವರ ಒಪ್ಪಿಗೆ ಇಲ್ಲದೆ ತಿದ್ದಲು ಬರುವುದಿಲ್ಲ ಎಂದರು.

"ಅವರು ಸತ್ತು ನೂರು ವರ್ಷ ಆಗಿರಬೇಕಲ್ರೀ ಸಾಹೇಬ್ರ," ಎಂದ ಕಾಕಾ.

"ಹಂಗಾದ್ರ ಹಿಂದೋಲಿ ಹಾಕ್ರಿ. ಮೂರನೇ ಕಿಟಕಿ."

"ನೀವೊಮ್ಮೆ ಬಂದು ನೋಡಿದ್ರ ಆಗಂಗಿಲ್ಲೇನ್ರಿ? ಹರಗೋಲು ನಾ ಹಾಕ್ತೀನಿ."

"ಅದಕ್ಕ ಬ್ಯಾರೆ ಅರ್ಜಿ ಐತಿ. ಮರು ಅಳತಿ. ಒಂದು ಊರಿಗೆ ಒಂದೇ ಸಲ. ನೆನಪಿರಲಿ ಯಜಮಾನ್ರ, ಒಂದೇ ಸಲ."

ಆ ದಾಖಲೆಯಲ್ಲಿ ನಾನು ನಿಮ್ಮ ಹೆಸರನ್ನು ಮೊದಲ ಸಲ ನೋಡಿದ್ದು. ಅಳತೆ ತೆಗೆದ ಸ್ಥಳ, ಬಂಡೆ. ಬಂದ ಅಂಕ, ಹತ್ತಕ್ಕೆ ಹತ್ತು. ಹಾಜರಿದ್ದವರು, ಹುಲಿಗೆವ್ವ, ಗಂಡ ಅಮರಪ್ಪ, ವಯಸ್ಸು ಹತ್ತೊಂಬತ್ತು. ಪಕ್ಕದಲ್ಲಿ ನಿಮ್ಮ ಹೆಬ್ಬೆಟ್ಟು. (ಈ ಓಲೆಯನ್ನು ಯಾರಿಂದಲಾದರೂ ಓದಿಸಿಕೊಳ್ಳುತ್ತೀರಿ ಎಂದುಕೊಂಡಿದ್ದೇನೆ.) ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಡೀ ಗಡ್ಡೆಯಲ್ಲಿ ದಡದ ಕಂಬದಿಂದ ಎಳೆಯ ಅಲೆ ಬಂದು ತಾಗುವುದು ಆ ಒಂದು ಬಂಡೆಯ ನೆತ್ತಿಗೆ ಮಾತ್ರ. ಹತ್ತು ಹೆಜ್ಜೆ ಕೆಳಗಿಳಿದರೆ ಏನೂ ಇಲ್ಲ. ಬಂಡೆಗೆ ಮನೆ ನಂಬರು ಇಲ್ಲ, ಅಲ್ಲಿ ಪಾಠವೂ ತೆರೆಯುವುದಿಲ್ಲ. ನಿಮಗೆ ಅದು ಗೊತ್ತಿರಲಿಲ್ಲವೇ? ಊರೊಳಗೆ ಕರೆದುಕೊಂಡು ಹೋಗಿ ತೋರಿಸಲು ನಿಮಗೆ ಏನು ಧಾಡಿಯಾಗಿತ್ತು? ಹೀಗೆಲ್ಲ ಮನಸ್ಸಿನಲ್ಲೇ ಬೈದಿದ್ದೇನೆ. ಹಿರಿಯರನ್ನು ಬೈದದ್ದು ತಪ್ಪು.

ಮರು ಅಳತೆಯ ಅರ್ಜಿ ಹಾಕಿದ ಹನ್ನೊಂದು ತಿಂಗಳಿಗೆ, ಅಂದರೆ ಕಳೆದ ಗುರುವಾರ, ಅಳತೆಯ ಮೇಡಂ ಬಂದರು. ಚಿಕ್ಕ ವಯಸ್ಸಿನವರು, ಹೊಳೆ ಎಂದರೆ ಹೆದರಿಕೆ, ಹರಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಇಳಿಯುವಾಗ ಮೊಣಕಾಲಿನವರೆಗೆ ನೆನೆದರು. ನಮ್ಮ ಪದ್ಧತಿ ನಿಮಗೆ ಹೇಳಬೇಕಾಗಿಲ್ಲ. ಹೊಳೆ ದಾಟಿ ಬಂದವರನ್ನು ಒದ್ದೆ ಕಾಲಿನಲ್ಲಿ ಹೊಸ್ತಿಲು ದಾಟಿಸುವಂತಿಲ್ಲ. ಮೊದಲು ಬಂಡೆಯ ಮೇಲೆ ಕಂಬಳಿ ಹಾಸಿ ಕೂರಿಸಬೇಕು, ಗಾಳಿಗೆ ಕಾಲು ಆರಬೇಕು, ನೀರು ಬೆಲ್ಲ ಕೊಡಬೇಕು, ಆಮೇಲೆ ಮನೆ. ಕಾಕಾ ಆಗಲೇ ಕಂಬಳಿ ಹಾಸಿಬಿಟ್ಟಿದ್ದ. "ಬರ್ರಿ ತಾಯಿ, ಮ್ಯಾಲ ಕುಂದರ್ರಿ, ಚಲೋ ಗಾಳಿ ಬರ್ತೈತಿ," ಎಂದ. ಅವ್ವ ಮಜ್ಜಿಗೆ ತಂದಳು. ಊರೆಲ್ಲ ಸೇರಿತು.

ಮೇಡಂ ಮಜ್ಜಿಗೆ ಕುಡಿದು, ಕುಳಿತಲ್ಲೇ ಚೀಲದಿಂದ ಅಳತೆಪೆಟ್ಟಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಗ ದಾಖಲೆಯಲ್ಲಿದ್ದ ಬಂಡೆ ನನಗೆ ನೆನಪಾಯಿತು. ಇಲ್ಲಿ ಬೇಡ, ಮನೆಯೊಳಗೆ ಬನ್ನಿ ಎಂದು ಹೇಳಬೇಕಿತ್ತು. ಆದರೆ ಸುತ್ತ ಅರವತ್ತು ಎಪ್ಪತ್ತು ಜನ, ಮುಂದೆ ಕಾಕಾ, ಕಾಲು ಆರದ ಅತಿಥಿಯನ್ನು ಎಬ್ಬಿಸುವುದು ಹೇಗೆ? ಅವ್ವನ ಬೆನ್ನಿನ ಹಿಂದೆ ನಿಂತು ಅವಳ ಸೆರಗನ್ನು ಎಳೆದೆ. "ಏನವಾ ನಿಂದು, ಸುಮ್ನಿರು," ಎಂದಳು. ಪೆಟ್ಟಿಗೆಯ ದೀಪಗಳು ಒಂದೊಂದಾಗಿ ಹಸಿರಾದವು. ನಾಲ್ಕು, ಆರು, ಎಂಟು. ಜನ ಎಣಿಸತೊಡಗಿದರು. ಹತ್ತನೆಯದು ಹತ್ತಿದಾಗ ಊರಿಗೆ ಊರೇ ಚಪ್ಪಾಳೆ ತಟ್ಟಿತು.

"ಹತ್ತಕ್ಕ ಹತ್ತು!" ಎಂದ ಕಾಕಾ ಮೀಸೆ ತಿರುವಿ. "ಹಂಚಿನಗಡ್ಡಿ ಅಂದ್ರ ಏನ್ ತಿಳದೀರಿ ಮೇಡಂ?"

ನಾವು ಹಾಗೇ ಅಜ್ಜಿ. ಮನೆಯಲ್ಲಿ ಉಪ್ಪು ಮುಗಿದರೆ ಉಪ್ಪು ಹೆಚ್ಚಾಗಿದೆ ಎನ್ನುವ ಜನ, ಬಂದವರ ಮುಂದೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಸೊನ್ನೆ ಬರಲಿ ಎಂದು ಮೂರು ವರ್ಷ ಅರ್ಜಿ ಹಿಡಿದು ಅಲೆದವರೇ ಹತ್ತು ಬಂದಾಗ ಹಿಗ್ಗಿದರು. ರೇಣವ್ವ ಒಬ್ಬಳೇ ಚಪ್ಪಾಳೆ ತಟ್ಟಲಿಲ್ಲ. "ಕಾಕಾ, ಹತ್ತು ಬಂದ್ರ ನಾ ಸಾಲಿಗೆ ಹೋಗಂಗಿಲ್ಲಲ್ಲೋ!" ಎಂದು ಕೂಗಿದಳು. ಕಾಕಾನ ಕೈ ಮೀಸೆಯ ಮೇಲೇ ಉಳಿಯಿತು.

"ಮೇಡಂ, ಒಂದೀಟು ಮನಿಯಾಗ ಬಂದು ಇನ್ನೊಮ್ಮಿ ನೋಡ್ರಲಾ," ಎಂದ.

ಪೆಟ್ಟಿಗೆ ಒಂದು ಊರಿನಲ್ಲಿ ಒಂದೇ ಸಲ ತೆರೆಯುತ್ತದೆ, ಈಗ ಬೀಗ ಬಿದ್ದಿದೆ ಎಂದರು ಮೇಡಂ. ಅವರಿಗೂ ಬೇಸರವಾಗಿತ್ತು, ಸುಳ್ಳು ಹೇಳಬಾರದು. "ನೀವು ಮೊದಲೇ ಹೇಳಬಾರದಿತ್ತಾ? ನೀವು ಕೂರಿಸಿದ ಕಡೆ ನಾನು ಕೂತೆ," ಎಂದರು. ಆಮೇಲೆ ಹಾಜರಿದ್ದವರ ಪೈಕಿ ಒಬ್ಬರ ಸಹಿ ಬೇಕು ಎಂದರು. ಬರೆಯಲು ಬರುವವರು ಯಾರು ಎಂದು ಎಲ್ಲರೂ ನನ್ನ ಕಡೆ ನೋಡಿದರು. ಅಷ್ಟು ಕಣ್ಣು ನನ್ನ ಮೇಲೆ ಒಟ್ಟಿಗೆ ಬಿದ್ದರೆ ನಾನು ಹೇಳಿದ್ದನ್ನು ಮಾಡಿಬಿಡುತ್ತೇನೆ, ಅದು ನನ್ನ ಹುಟ್ಟು ದೋಷ. ಲೇಖನಿ ಕೈಗೆ ಬಂತು. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುವ ಹೊತ್ತಾಯಿತು, ಬೇಗ ತಂಗಿ, ಎಂದರು ಮೇಡಂ. ನಾನು ಸಹಿ ಹಾಕಿದೆ. ಹಾಜರಿದ್ದವರು, ತಾಯವ್ವ, ವಯಸ್ಸು ಇಪ್ಪತ್ತೊಂದು.

ಅಂದಿನಿಂದ ನಿಮ್ಮ ಮೇಲಿನ ಸಿಟ್ಟು ಹೋಯಿತು ಅಜ್ಜಿ. ಹೋದದ್ದಲ್ಲ, ನನ್ನ ಕಡೆ ತಿರುಗಿತು. ನಿಮ್ಮ ಸುತ್ತಲೂ ಹೀಗೇ ಜನ ನಿಂತಿದ್ದರು, ನಿಮಗೂ ಯಾರೋ ಬೇಗ ಎಂದಿದ್ದರು, ಅಲ್ಲವೇ?

ಅದಕ್ಕೇ ನನ್ನ ಜೀವಮಾನದ ಒಂದು ಓಲೆಯನ್ನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದ ಯಾವುದೋ ಒಂದು ದಿನ ಅಳತೆಯವರು ಹೊಳೆ ದಾಟಿ ಬರುತ್ತಾರೆ. ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಬೇಡಿ. ಕಂಬಳಿ ಹಾಸಿ, ನೀರು ಬೆಲ್ಲ ಕೊಡಿ, ಕಾಲು ಆರಲಿ. ಆದರೆ ಚೀಲಕ್ಕೆ ಕೈ ಹಾಕುವ ಮೊದಲು ಅವರನ್ನು ಎಬ್ಬಿಸಿ. ಮನೆಯೊಳಗೆ ಕರೆದುಕೊಂಡು ಹೋಗಿ ಒಲೆಯ ಪಕ್ಕ ಕೂರಿಸಿ. ಅಲ್ಲಿ ಅಳೆಯಲಿ. ದೀಪ ಒಂದೂ ಹತ್ತದಿದ್ದರೆ ನಾಚಿಕೊಳ್ಳಬೇಡಿ. ಹಿರಿಯರು ಗದರಿಸಿದರೂ ಹೇಳಿ. ನೀವು ಹೊಸ ಸೊಸೆ ಇರಬಹುದು, ತಲೆ ಎತ್ತಿ ಮಾತನಾಡುವುದು ಕಷ್ಟ, ನನಗೆ ಗೊತ್ತು. ಆದರೂ ಹೇಳಿ. ಒಂದೇ ಒಂದು ಇಲ್ಲ ಸಾಕು.

ನೀವು ನನ್ನ ಮಾತು ನಡೆಸಿಕೊಟ್ಟರೆ ಈ ಓಲೆ ಬರೆಯುವವಳು ಇರುವುದೇ ಇಲ್ಲ, ಬೇರೆ ಯಾವಳೋ ಓದಿದ ತಾಯವ್ವ ಇರುತ್ತಾಳೆ ಎಂದು ಮೂರನೇ ಕಿಟಕಿಯವರು ಹೆದರಿಸಿದರು. ಇರಲಿ ಬಿಡಿ. ಅವಳ ಅಕ್ಷರವಾದರೂ ಚೆನ್ನಾಗಿರುತ್ತದೆ.

ಏಪ್ರಿಲ್ ಹತ್ತಕ್ಕೆ ಇನ್ನು ನಲವತ್ತೊಂದು ದಿನ. ನಿಮ್ಮಿಂದ ಏನಾದರೂ ಬದಲಾದೀತೆಂದು ಕಾಯುತ್ತಾ ಕೂರಲು ನನಗೆ ಧೈರ್ಯವಿಲ್ಲ. ನಿನ್ನೆ ಕಾಕಾನ ಜೊತೆ ದಡಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ಮೀನು ಕೊಳ್ಳುವ ಖಾಜಾಬಿಯವರ ಮೊಮ್ಮಗಳು ಆರನೇ ತರಗತಿ. ಅವಳು ಪಾಠ ತೆರೆದು ಕುಳಿತಿದ್ದಾಗ ಪಕ್ಕದಲ್ಲಿ ಕುಳಿತು ಮೊದಲ ಪಾಠವನ್ನು ಕಾಗದಕ್ಕೆ ಇಳಿಸಿಕೊಂಡು ಬಂದೆ. ಇವತ್ತು ಬೆಳಿಗ್ಗೆ ಎಮ್ಮೆ ಹಿಂಡಿದ ಮೇಲೆ ರೇಣವ್ವ ಮತ್ತು ನಾನು ಕಟ್ಟೆಯ ಮೇಲೆ ಕುಳಿತು ಅದನ್ನು ಗಟ್ಟಿಯಾಗಿ ಓದಿದೆವು. ಎಂಟು ಪದಗಳು ಇಬ್ಬರಿಗೂ ತಿಳಿಯಲಿಲ್ಲ. ಅವುಗಳ ಕೆಳಗೆ ಗೆರೆ ಎಳೆದಿಟ್ಟೆ.