ಸುಮ್ಮನೆ ಕೂತ ಕೋರ್

ಮಾರ್ಚ್ 3, ಸೋಮವಾರ

ಮತ್ತೆ ಕರ್ನಲ್ ಕಂಪೈಲ್ — ಕಂಪ್ಯೂಟರಿನ ತಳದ ಸಾಫ್ಟ್‌ವೇರನ್ನು ಹೊಸದಾಗಿ ಕಟ್ಟುವುದು. ಮುಗಿಯುವವರೆಗೆ ಮಾಡಲು ಕೆಲಸವಿಲ್ಲ. ಅದಕ್ಕೇ ಫೋನಲ್ಲಿ ಇದನ್ನು ಬರೆಯುವುದು. ಯಾರಿಗೂ ಅಲ್ಲ. ಬೈಗುಳ ಹೊಟ್ಟೆಯಲ್ಲೇ ಇಟ್ಟುಕೊಂಡರೆ ಹುಳಿಯುತ್ತದೆ.

ಯಂತ್ರ ರಟ್ಟು ಕತ್ತರಿಸುವುದು. ಮೇಲಿಂದ ಬ್ಲೇಡ್, ಮುಂದೆ ಬೆಳಕಿನ ಪರದೆ. ಯಾರದಾದರೂ ಕೈ ಆ ಬೆಳಕು ದಾಟಿದರೆ ಬ್ಲೇಡ್ ನಿಲ್ಲಬೇಕು. ಕೈ ಬಂತು ಎಂಬ ಸುದ್ದಿಯನ್ನು ಬ್ಲೇಡಿಗೆ ಮುಟ್ಟಿಸುವುದು ನನ್ನ ಕಂಪ್ಯೂಟರ್. ಹೀಗೆ ಮಾಡಲೇಬಾರದು. ಪರದೆಯಿಂದ ಬ್ಲೇಡಿಗೆ ನೇರ ವೈರ್ ಇರಬೇಕು, ಕಂಪ್ಯೂಟರ್ ಸತ್ತರೂ ಬ್ಲೇಡ್ ನಿಲ್ಲುವ ಹಾಗೆ. ಸೇರಿದ ವಾರವೇ ಹೇಳಿದೆ. ಮ್ಯಾನೇಜರ್ ನಕ್ಕರು.

"ಅದೆಲ್ಲ ಮುಂದಿನ ಮಾಡೆಲ್‌ಗೆ ಮೇಡಂ. ಈಗ ನಿಮ್ಮ ಸಾಫ್ಟ್‌ವೇರೇ ಸಾಕು. ಸರಾಸರಿ ನೋಡಿ, ಎಷ್ಟು ಚೆನ್ನಾಗಿದೆ!"

ಬಾಯಿ ಬಿಟ್ಟರೆ ಅದೇ. ಅಂದಿನಿಂದ ನನ್ನ ಲೆಕ್ಕದಲ್ಲಿ ಆ ಮನುಷ್ಯನ ಹೆಸರೇ ಸರಾಸರಿ. ಸಾವಿರ ಸಲ ಹೊತ್ತಿಗೆ ಸರಿಯಾಗಿ ನಿಂತು ಒಂದು ಸಲ ತಡವಾದರೂ ಸರಾಸರಿ ಚೆನ್ನಾಗಿಯೇ ಇರುತ್ತದೆ. ಬೆರಳು ಮಾತ್ರ ಇರುವುದಿಲ್ಲ.

ನನಗೆ ಬೇಕಾದ್ದು ವೇಗವಲ್ಲ, ಕೊಟ್ಟ ಮಾತಿಗೆ ತಪ್ಪದಿರುವುದು. ಅದಕ್ಕೇ ಪ್ರೊಸೆಸರ್‌ನೊಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ನಾಲ್ಕು ಕೋರ್‌ಗಳಲ್ಲಿ ಒಂದನ್ನು ಪೂರ್ತಿ ಮೀಸಲಿಟ್ಟಿದ್ದೇನೆ. ಬೇರೆ ಪ್ರೋಗ್ರಾಂ ಯಾವುದೂ ಅತ್ತ ಸುಳಿಯಬಾರದು. ಅದು ಪರದೆಯನ್ನು ಕಾಯುತ್ತದೆ, ಅಷ್ಟೇ.

ಮಾರ್ಚ್ 4, ಮಂಗಳವಾರ

ಇವತ್ತೂ ಯಂತ್ರ ನಿಂತಿತು. ನಿಲ್ಲಿಸಿದ್ದು ನನ್ನ ಕಾವಲು — ಉತ್ತರ ತಡವಾಯಿತೆಂದರೆ ಯಂತ್ರವನ್ನೇ ಬಂದ್ ಮಾಡುವ ಪುಟ್ಟ ಪ್ರೋಗ್ರಾಂ. ಅದು ಸರಿಯಾಗಿಯೇ ಇದೆ. ತಡ ಯಾಕಾಗುತ್ತದೆ ಎಂಬುದೇ ತಿಳಿಯುತ್ತಿಲ್ಲ. ನನ್ನ ಮೇಜಿನ ಮೇಲೆ ಎಷ್ಟು ಲೋಡ್ ಹೇರಿದರೂ ಸರಿ. ಕೆಳಗೆ ಹಾಲ್‌ನಲ್ಲಿ ಮಾತ್ರ, ಅದೂ ಒಮ್ಮೊಮ್ಮೆ. ಹಿಡಿಯಲು ಹೋದರೆ ಇಲ್ಲ.

ಆ ಯಂತ್ರದ ಆಪರೇಟರ್ ಯಾರೋ ಆಗಿದ್ದರೆ ಬೈಸಿಕೊಂಡು ಮನೆಗೆ ಬರಬಹುದಿತ್ತು. ಆಪರೇಟರ್ ನನ್ನ ಅಕ್ಕ. ಬೈಗುಳ ಮನೆಯಲ್ಲೇ ಕಾದಿರುತ್ತದೆ. ನೇರ ಮಾತು ನಿಂತು ದಿನಗಳಾದವು. ಎಲ್ಲ ಅಮ್ಮನ ಮೂಲಕ.

"ಅಮ್ಮಾ, ನಿನ್ನ ಚಿಕ್ಕ ಮಗಳಿಗೆ ಹೇಳು. ಅವಳ ಕಂಪ್ಯೂಟರ್ ಮುನಿಸಿಕೊಂಡಾಗೆಲ್ಲ ನನ್ನ ಕೆಲಸ ನಿಲ್ತದೆ ಅಂತ."

"ಅಮ್ಮಾ, ನಿನ್ನ ದೊಡ್ಡ ಮಗಳಿಗೆ ಹೇಳು. ಅದು ಮುನಿಸಲ್ಲ, ಅವಳ ಕೈ ಉಳಿಸ್ತಿರೋದು ಅಂತ."

"ಎದುರಾಬದುರೇ ಕೂತಿದೀರಲ್ಲೇ. ನಾನೇನು ಮೈಕಾ?" ಅಂದಳು ಅಮ್ಮ. ತಟ್ಟೆ ಎತ್ತಿಕೊಂಡು ಹೋದಳು.

ಈ ಯಂತ್ರ ಕೊಳ್ಳಲಿರುವ ಖರೀದಿಯವರು ಬಂದು ನೋಡಿ ಹೋದ ಮೇಲೆ ಅಕ್ಕನನ್ನು ಸೂಪರ್‌ವೈಸರ್ ಮಾಡುವುದಾಗಿ ಸರಾಸರಿ ಮಾತು ಕೊಟ್ಟಿದ್ದಾರೆ. ಅಲ್ಲಿಂದ ಅಕ್ಕನಿಗೆ ಅವರು ದೇವರು, ನಾನು ಶನಿ.

ಮಾರ್ಚ್ 7, ಶುಕ್ರವಾರ

ಸಿಕ್ಕಿಲ್ಲ. ನೆಟ್‌ವರ್ಕ್ ಕಾರ್ಡಿನ ಕಾಟವನ್ನು ಬೇರೆ ಕೋರಿಗೆ ಅಟ್ಟಿದೆ. ಪ್ರೊಸೆಸರ್ ತೂಕಡಿಸದಿರಲೆಂದು ಪವರ್ ಸೇವಿಂಗ್ ಕಿತ್ತು ಹಾಕಿದೆ. ಆದರೂ ತಡ.

"ಇನ್ನೂ ಎಷ್ಟು ದಿನ ಮೇಡಂ? ಬೇರೆಯವರಾದ್ರೆ ವಾರದಲ್ಲಿ ಮುಗಿಸ್ತಿದ್ರು" ಅಂದರು ಸರಾಸರಿ.

ಮುಗಿಸಲಿ. ಮುಗಿಸಿ ಆಮೇಲೆ ತಮ್ಮ ಕೈಯನ್ನೇ ಇಟ್ಟು ನೋಡಲಿ.

ಮಾರ್ಚ್ 12, ಬುಧವಾರ

ಸಿಕ್ಕಿತು! ಕಳ್ಳ ಮನೆಯೊಳಗೇ ಇದ್ದ.

ಹಾಲ್‌ನ ಗೋಡೆಯ ಮೇಲೆ ಸರಾಸರಿಯವರ ದೊಡ್ಡ ಬೋರ್ಡ್ ಇದೆ. ಎಷ್ಟು ರಟ್ಟು ಕತ್ತರಿಸಿತು, ಸರಾಸರಿ ಎಷ್ಟು ಬೇಗ ಉತ್ತರ ಬಂತು — ಹಸಿರು ಅಕ್ಷರದಲ್ಲಿ. ಯಾರಾದರೂ ಬಂದರೆ ಸಾಕು, ಅವರು ರಿಫ್ರೆಶ್ ಒತ್ತುತ್ತಾರೆ. ಅದರ ಪ್ರೋಗ್ರಾಂ ಬೇರೆ ಕಂಪ್ಯೂಟರ್‌ನಲ್ಲಿ ಓಡುತ್ತಿದೆ ಅಂದುಕೊಂಡಿದ್ದೆ. ಅಲ್ಲ. ನನ್ನದರಲ್ಲೇ. ನಾನು ಮೀಸಲಿಟ್ಟ ಕೋರ್ ಮೇಲೇ! ನನ್ನ ಪ್ರೋಗ್ರಾಂಗಿಂತ ಮೇಲಿನ ಪ್ರಯಾರಿಟಿ ಬೇರೆ — ರಿಫ್ರೆಶ್ ಒತ್ತಿದಾಗ ಮೊದಲು ಬೋರ್ಡ್, ಪರದೆ ಆಮೇಲೆ. ಮೆಟ್ಟಿಲು ಹತ್ತಿ ಸರಾಸರಿಯವರ ಕೋಣೆಗೆ ಹೋದೆ.

"ಬೋರ್ಡನ್ನ ಆ ಕೋರ್ ಮೇಲೆ ಹಾಕಿಸಿದ್ದು ಯಾರು ಸರ್?"

"ನಾನೇ. ನಾಲ್ಕರಲ್ಲಿ ಒಂದು ಸುಮ್ಮನೆ ಕೂತಿತ್ತಲ್ಲ. ಸಂಬಳ ಕೊಟ್ಟು ಯಾರನ್ನಾದ್ರೂ ಸುಮ್ಮನೆ ಕೂರಿಸ್ತೀವಾ?"

"ಕಾಯೋದೇ ಅದರ ಕೆಲಸ."

"ಕಾಯೋದು ಕೆಲಸ ಅಲ್ಲ ಮೇಡಂ."

"ಮತ್ತೆ ಪ್ರಯಾರಿಟಿ ತೊಂಬತ್ತೊಂಬತ್ತು ಯಾಕೆ ಕೊಟ್ರಿ?"

"ಅದಕ್ಕಿಂತ ದೊಡ್ಡ ನಂಬರ್ ಇರಲಿಲ್ಲ."

ಎಲ್ಲವೂ ಚೆನ್ನಾಗಿದೆ ಎಂದು ಬೋರ್ಡ್ ತೋರಿಸುವ ಹೊತ್ತಿಗೇ ಬ್ಲೇಡ್ ಕಿವುಡಾಗುತ್ತದೆ. ಅರ್ಧ ಸೆಕೆಂಡ್. ಕೈ ಹೋಗಲು ಧಾರಾಳ ಸಾಕು. ಬೋರ್ಡನ್ನು ಬೇರೆ ಕೋರಿಗೆ ಎತ್ತಿ ಹಾಕಿದೆ. ಸಂಜೆವರೆಗೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಟೆಸ್ಟ್ ಫಲಿತಾಂಶ ಸಮೇತ ಮೇಲ್ ಹಾಕಿದ್ದೇನೆ. ಓದುವ ಆಸಾಮಿಯಲ್ಲ. ದಡ್ಡ. ದಡ್ಡ ಎಂದ ಮೇಲೆ ಕೋಪ ಅರ್ಧ ಇಳಿಯಿತು.

ಮಾರ್ಚ್ 13, ಗುರುವಾರ

ನನ್ನ ಪಾಸ್‌ವರ್ಡ್ ನಡೆಯುತ್ತಿಲ್ಲ. ಬದಲಾಯಿಸಿದ್ದಾರೆ. ಬೋರ್ಡ್ ತೆವಳುತ್ತಿತ್ತಂತೆ, ಅದಕ್ಕೇ ವಾಪಸ್ಸು ಹಳೇ ಕೋರಿಗೆ. ಕಾವಲೂ ಆಫ್. ನಾಳೆ ಖರೀದಿಯವರ ಮುಂದೆ ಯಂತ್ರ ನಿಂತರೆ ಮಾನ ಹೋಗುತ್ತದಂತೆ. ಮತ್ತೆ ಡೆಮೋ ಏನು? ಆಪರೇಟರ್ ಬೆಳಕಿನೊಳಗೆ ಕೈ ಒಡ್ಡಿ ತೋರಿಸಬೇಕು. ಬರಿಗೈ.

ಮನೆಗೆ ಬಂದವಳೇ ಅಕ್ಕನಿಗೆ ನೇರವಾಗಿ ಹೇಳಿದೆ.

"ನಾಳೆ ಕೈ ಒಡ್ಡಬೇಡ."

"ಅಮ್ಮಾ, ಅವಳಿಗೆ—"

"ಅಮ್ಮನ್ನ ಬಿಡು. ನನಗೇ ಹೇಳು."

"ಹೇಳ್ತೀನಿ ಕೇಳು. ನಾನು ಮೇಲೆ ಬರೋದು ನಿನ್ನ ಕಣ್ಣಿಗೆ ಚುಚ್ತಿದೆ. ಈ ಮನೇಲಿ ಬುದ್ಧಿವಂತೆ ನೀನೊಬ್ಬಳೇ ಇರಬೇಕು. ಹೊಟ್ಟೆಕಿಚ್ಚು ಕಣೇ."

"ಕೈ ಹೋದ ಮೇಲೆ ಸೂಪರ್‌ವೈಸರ್ ಆಗಿ ಏನ್ ಮಾಡ್ತೀಯಾ? ಕಾಲಲ್ಲಿ ಸಹಿ ಹಾಕ್ತೀಯಾ?"

ಅಕ್ಕನ ಕೋಣೆಯ ಬಾಗಿಲು ಬಡಿದುಕೊಂಡಿತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಭಯವಾಗ್ತಿದೆ ಅಕ್ಕಾ ಎನ್ನಬಹುದಿತ್ತು. ನಾಲಿಗೆಗೆ ಅದು ಬರಲಿಲ್ಲ, ಇದು ಬಂತು.

ಮಾರ್ಚ್ 14, ಶುಕ್ರವಾರ, ಸಂಜೆ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಖರೀದಿಯವರು ಮೂವರು. ಹಿರಿಯ ಹೆಂಗಸೊಬ್ಬರು ಅವರ ಮುಖ್ಯಸ್ಥೆ. ಸರಾಸರಿ ಇಸ್ತ್ರಿ ಮುರಿಯದ ಶರ್ಟಿನಲ್ಲಿ. ನಾನು ಕಂಬದ ಹತ್ತಿರ. ಬ್ಲೇಡ್ ಏಳುತ್ತಿತ್ತು, ಬೀಳುತ್ತಿತ್ತು. ಬೋರ್ಡ್ ಹಚ್ಚಗೆ.

"ಈಗ ನಮ್ಮ ಆಪರೇಟರ್ ಕೈ ಒಡ್ಡಿ ತೋರಿಸ್ತಾರೆ."

ಅಕ್ಕ ಗವಸು ತೆಗೆದಳು. ಕೈ ಮುಂದೆ ಮಾಡಿದಳು. ಆಮೇಲೆ ಅವಳು ಸರಾಸರಿಯವರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ:

"ನೀವೇ ತೋರಿಸಿ ಸರ್. ನಾನು ತೋರಿಸಿದ್ರೆ ಕಲಿತ ಕೈ ಅಂತಾರೆ."

ಸರಾಸರಿ ನಕ್ಕರು. ಆ ಹಿರಿಯ ಹೆಂಗಸು ನಗಲಿಲ್ಲ. "ಹೌದಲ್ಲ, ನೀವೇ ತೋರಿಸಿಬಿಡಿ" ಅಂದರು.

ಸರಾಸರಿ ತೋಳಿನ ಗುಂಡಿ ಬಿಚ್ಚಿದರು. ಒಂದು ಹೆಜ್ಜೆ ಮುಂದೆ ಇಟ್ಟರು. ಬೋರ್ಡ್ ನೋಡಿದರು. ಬ್ಲೇಡ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಕೈ ಹೋಗಿ ಪ್ಯಾಂಟಿನ ಜೇಬಿನಲ್ಲಿ ಕೂತಿತು.

"ಇವತ್ತು ಯಾಕೋ ಕರೆಂಟ್ ಸರಿ ಇಲ್ಲ. ಸೋಮವಾರ ಬನ್ನಿ."

ಮೇಲ್ ಓದಿದ್ದಾರೆ. ಪೂರ್ತಿ ಓದಿದ್ದಾರೆ. ದಡ್ಡ ಅಂದುಕೊಂಡಿದ್ದೆನಲ್ಲ, ದಡ್ಡಿ ನಾನು. ಗೊತ್ತಿದ್ದೂ ನನ್ನ ಅಕ್ಕನ ಕೈ ಕೇಳಿದ ಮನುಷ್ಯ.

ಅಕ್ಕನಿಗೆ ಕರೆಯುವವರೆಗೆ ಕೆಲಸಕ್ಕೆ ಬರಬೇಡ ಅಂದಿದ್ದಾರೆ. ಬಸ್ಸಲ್ಲಿ ಪಕ್ಕದಲ್ಲೇ ಕೂತಳು.

"ನಿನ್ನ ಮಾತು ನಂಬಿ ಅಲ್ಲ" ಅಂದಳು. "ಅವರು ಬೆಳಿಗ್ಗೆಯಿಂದ ಬ್ಲೇಡ್ ಹತ್ತಿರವೇ ಬರ್ತಿರಲಿಲ್ಲ. ಅದಕ್ಕೆ."

"ಸರಿ."

"ಏನದು, ಯಾವಾಗ ನೋಡಿದ್ರೂ ಫೋನಲ್ಲಿ ಕುಟ್ತಿರ್ತೀಯಲ್ಲ?"

"ಸುಮ್ಮನೆ. ಏನೋ ಬರೀತೀನಿ."

"ಬರೀ ಬರೀ. ಬರೆದ್ರೆ ಬ್ಲೇಡ್ ನಿಲ್ತದೆ ನೋಡು."

ಮಾರ್ಚ್ 17, ಸೋಮವಾರ

ಪ್ಯಾಕಿಂಗ್ ವಿಭಾಗದಿಂದ ಒಬ್ಬಳನ್ನು ತಂದು ಅಕ್ಕನ ಜಾಗದಲ್ಲಿ ನಿಲ್ಲಿಸಿದ್ದಾರೆ. ಚಿಕ್ಕ ವಯಸ್ಸು. ಅದೇ ಕೋರ್, ಅದೇ ಬೋರ್ಡ್, ಕಾವಲು ಇಲ್ಲ. ಪಾಸ್‌ವರ್ಡ್ ಇನ್ನೂ ಕೊಟ್ಟಿಲ್ಲ. ಹೋಗಿ ಅವಳಿಗೆ ಹೇಳಿದೆ, ಕೈ ಒಡ್ಡಬೇಡ ತಾಯಿ ಅಂತ. ಕಣ್ಣು ಪಿಳಿಪಿಳಿ ಬಿಟ್ಟಳು.

"ಎಲ್ಲ ಟೆಸ್ಟ್ ಆಗಿದೆ ಅಂದ್ರಲ್ಲ ಸರ್. ನೀವೇ ಮಾಡಿದ್ದಂತೆ? ಹಿಂದಿನ ಆಪರೇಟರ್ ನಿಮ್ಮ ಅಕ್ಕನೇ ಅಂತೆ. ಅಕ್ಕನ್ನೇ ನಿಲ್ಲಿಸಿದ್ರು ಅಂದ್ಮೇಲೆ ಭಯ ಯಾಕೆ ಅಂದ್ರು."

ನನ್ನ ಹೆಸರಿನ ಮೇಲೆ ಅವಳ ಕೈ.

ಖರೀದಿಯವರು ಮೂವರೂ ಬಂದಿದ್ದಾರೆ. ಸರಾಸರಿ ನನ್ನ ಕಡೆ ನೋಡುತ್ತಲೂ ಇಲ್ಲ. ರಿಫ್ರೆಶ್ ಒತ್ತಲು ರಿಮೋಟ್ ಕೈಯಲ್ಲಿ. ಯಂತ್ರದ ಮೇನ್ ಸ್ವಿಚ್ ಗೋಡೆಯ ಪ್ಯಾನೆಲ್‌ನಲ್ಲಿದೆ. ಅದನ್ನು ಎಳೆದರೆ ಇವತ್ತೇ ನನ್ನ ಕೆಲಸ ಹೋಯಿತು. ಅಕ್ಕನದೂ. ಮನೆಯಲ್ಲಿ ಅಮ್ಮ

ಅಕ್ಕನ ಮೆಸೇಜ್. "ಶುರು ಆಯ್ತಾ? ಬರೀತಾ ಕೂತಿದೀಯಾ?"

ಇಲ್ಲ ಕಣೇ. ಹುಡುಗಿ ಗವಸು ತೆಗೆದಳು, ಸ್ವಿಚ್ ಕಡೆ ನಾ